ಕಾಶಿಯಲ್ಲಿ ಬಿಟ್ಟು ಬಂದದ್ದು

ಚಿತ್ರಕಾರ ರಾಮ್ ಕುಮಾರರ ಕಾಶಿಯ ಬಗ್ಗೆ ಬರೆದವರು ಒಂದು ಮಾತನ್ನು ತಪ್ಪದೆ ಬರೆಯುತ್ತಾರೆ: ಆ ಚಿತ್ರಗಳಲ್ಲಿ ಜನರಿಲ್ಲ. ಅದರ ಬೆನ್ನಿಗೇ ಎರಡನೆಯ ಮಾತು ಬರುತ್ತದೆ: ಜನರಿಲ್ಲದ್ದರಿಂದ ಅಲ್ಲಿ ಮೌನವಿದೆ, ಮೌನವಿರುವುದರಿಂದ ಅಲ್ಲಿ ಅಧ್ಯಾತ್ಮವಿದೆ. ಪ್ರದರ್ಶನಗಳ ಕ್ಯಾಟಲಾಗುಗಳಲ್ಲಿ, ಹರಾಜಿನ ಟಿಪ್ಪಣಿಗಳಲ್ಲಿ, 2018ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಈ ಎರಡು ಮಾತು ಜೋಡೆತ್ತಿನ ಹಾಗೆ ಒಟ್ಟಿಗೇ ನಡೆದು ಬರುತ್ತವೆ. ಮೊದಲನೆಯದು ಅರ್ಧ ನಿಜ. ಎರಡನೆಯದು ತಪ್ಪು. ಆ ತಪ್ಪಿನಿಂದಾಗಿ ಅವರ ದೊಡ್ಡ ಕ್ಯಾನ್ವಾಸುಗಳಿಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಪೂಜೆ ಸಂದಿದೆ. ಅರವತ್ತರ ದಶಕದ ಮೊದಲ ವರ್ಷಗಳ ಕಾಗದದ ಚಿತ್ರಗಳು, ಇಂಕಿನ ಆ ಸಣ್ಣ ಹಾಳೆಗಳು, ಗ್ಯಾಲರಿಯ ಮೂಲೆಗೆ ಸರಿದಿವೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಈಗ ಊರೂರಲ್ಲಿ ಭಾನುವಾರ ಬೆಳಿಗ್ಗೆ ಸ್ಕೆಚ್‌ಬುಕ್ ಹಿಡಿದು ಹೊರಡುವ ಗುಂಪುಗಳಿವೆ. ಅಮೆರಿಕದ ಸಿಯಾಟಲ್‌ನಲ್ಲಿ ಗೇಬ್ರಿಯಲ್ ಕ್ಯಾಂಪನಾರಿಯೊ ಎಂಬ ಪತ್ರಿಕಾ ಕಲಾವಿದ 2007ರಲ್ಲಿ ಹುಟ್ಟುಹಾಕಿದ ‘ಅರ್ಬನ್ ಸ್ಕೆಚರ್ಸ್’ ಇವತ್ತು ಜಗತ್ತಿನ ನೂರಾರು ಊರುಗಳಲ್ಲಿದೆ. ಅವರಿಗೊಂದು ಪ್ರಣಾಳಿಕೆಯಿದೆ. ಸ್ಥಳದಲ್ಲೇ ಕೂತು, ಕಣ್ಣಾರೆ ಕಂಡದ್ದನ್ನೇ ಬರೆಯಬೇಕು, ಕಂಡ ದೃಶ್ಯಕ್ಕೆ ನಿಷ್ಠರಾಗಿರಬೇಕು ಎಂಬುದು ಅದರ ತಿರುಳು. ನಾನೂ ಇಂಥ ಗುಂಪಿನ ಜೊತೆ ಅನೇಕ ಬೆಳಗುಗಳನ್ನು ಕಳೆದಿದ್ದೇನೆ. ಫೋಟೊ ಹೊಡೆದು ಮುಂದಕ್ಕೆ ಹೋಗುವ ಕಾಲದಲ್ಲಿ ಒಂದು ಗೋಡೆಯ ಮುಂದೆ ಎರಡು ಗಂಟೆ ಕೂರುವುದನ್ನು ಈ ಗುಂಪುಗಳು ಸಾವಿರಾರು ಜನರಿಗೆ ಕಲಿಸಿವೆ. ಅದು ದೊಡ್ಡ ಕೆಲಸ. ಆದರೆ ಅಭ್ಯಾಸಕ್ಕೆಂದು ಮಾಡಿಕೊಂಡ ನಿಯಮ ಮೆಲ್ಲಗೆ ಸೌಂದರ್ಯಶಾಸ್ತ್ರವಾಗಿಬಿಟ್ಟಿದೆ. ಸ್ಪಾಟ್‌ನಲ್ಲಿ ಮುಗಿಸಿದ್ದು ಪ್ರಾಮಾಣಿಕ, ಮನೆಗೆ ಬಂದು ನೆನೆದು ಬರೆದದ್ದು ಕಲಬೆರಕೆ ಎಂದು ತಿಳಿದವರು ಈಗ ಬಹಳ ಮಂದಿ. ಕಾಶಿಯಿಂದ ತುಂಬಿದ ಸ್ಕೆಚ್‌ಬುಕ್ ತಂದ ಗೆಳೆಯರೊಬ್ಬರು ಅದನ್ನು ನನ್ನ ಮುಂದೆ ಬಿಚ್ಚಿದರು. ತಾಳೆಗರಿಯ ಛತ್ರಿಗಳು, ದೋಣಿಗಳು, ಕಾವಿಯ ಸಾಧುಗಳು, ಆರತಿಯ ದೀಪಗಳು. ಕೈ ಪಳಗಿದೆ, ಬಣ್ಣ ತಿಳಿಯಾಗಿದೆ. ಪುಟ ತಿರುವಿದ ಹಾಗೆಲ್ಲ ನನಗೆ ಕಾಶಿ ದೂರವಾಗುತ್ತ ಹೋಯಿತು. ಎಲ್ಲವೂ ಅಲ್ಲಿತ್ತು. ಏನನ್ನೂ ಬಿಟ್ಟಿರಲಿಲ್ಲ.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ವಸ್ತುವನ್ನು ಅಲ್ಲಿ ಬಿಟ್ಟು ಬರಬೇಕೆಂಬ ಪದ್ಧತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ಅಜ್ಜಿ ಹಲಸಿನ ಹಣ್ಣು ಬಿಟ್ಟು ಬಂದರು. ಆಮೇಲೆ ಇಪ್ಪತ್ತು ವರ್ಷ ಬದುಕಿದ್ದರು, ಒಂದು ತೊಳೆ ಮುಟ್ಟಲಿಲ್ಲ. ಆದರೆ ನಮ್ಮ ಮನೆಯಲ್ಲಿ ಹಲಸಿನ ಬಗ್ಗೆ ಅವರಷ್ಟು ಮಾತಾಡಿದವರಿಲ್ಲ. ಯಾವ ಮರದ್ದು ಬಕ್ಕೆ, ಯಾವುದರದ್ದು ಬಿಳುವ, ಯಾವ ವರ್ಷ ಯಾವ ಮರ ಎಷ್ಟು ಕಾಯಿ ಹೊತ್ತಿತ್ತು, ಎಲ್ಲ ಅವರಿಗೇ ಗೊತ್ತು. ತಿನ್ನುವ ನಮಗೆ ಅದು ಹಣ್ಣು ಮಾತ್ರ. ರಾಮ್ ಕುಮಾರರ ಕಾಶಿಯ ಮುಂದೆ ನಿಂತಾಗಲೆಲ್ಲ ನನಗೆ ಅಜ್ಜಿಯ ನೆನಪಾಗುತ್ತದೆ. ರಾಮ್ ಕುಮಾರ್ ಮನುಷ್ಯರನ್ನು ಕಾಶಿಯಲ್ಲಿ ಬಿಟ್ಟು ಬಂದವರು.

1960ರ ಪ್ರಯಾಣದ ಕಥೆ ಕಲಾಸಕ್ತರಿಗೆ ಗೊತ್ತಿದ್ದದ್ದೇ. ಚಿತ್ರಕಾರ ಎಂ.ಎಫ್. ಹುಸೇನ್ ಮತ್ತು ರಾಮ್ ಕುಮಾರ್ ಒಟ್ಟಿಗೆ ಬನಾರಸಿಗೆ ಹೋದದ್ದು, ಹಿಂದಿ ಲೇಖಕ ಪ್ರೇಮಚಂದರ ಮಗ ಶ್ರೀಪತ್ ರಾಯ್ ಅವರ ಆಶ್ರಯ, ಹಗಲಿಗೆ ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದು ಸಂಜೆ ಸೇರುತ್ತಿದ್ದದ್ದು. ಇದರಲ್ಲಿ ನನಗೆ ಮುಖ್ಯವಾದದ್ದು ಆ ಸಂಜೆ. ಇಡೀ ದಿನ ಘಾಟುಗಳಲ್ಲಿ ಅಲೆದ ಇಬ್ಬರು, ಒಬ್ಬನು ಕಂಡದ್ದನ್ನು ಇನ್ನೊಬ್ಬನ ಮುಂದಿಡುವ ಸಂಜೆ. ಮಾತಿನಲ್ಲಿ ಹೇಳಲು ಹೊರಟಾಗ ಹಗಲಿನ ಎಷ್ಟೋ ಸಂಗತಿ ತಾನಾಗಿ ಉದುರಿಹೋಗುತ್ತದೆ, ಯಾವುದೋ ಒಂದೆರಡು ಉಳಿಯುತ್ತವೆ. ಹುಸೇನರಲ್ಲಿ ಉಳಿದದ್ದು ಜನ. ಅವರ ಕಾಶಿಯಲ್ಲಿ ಮೈಗಳಿವೆ, ಓಡುವ ರೇಖೆಯಿದೆ. ರಾಮ್ ಕುಮಾರರಲ್ಲಿ ಉಳಿದದ್ದು ಮನೆಗಳು. ಇಬ್ಬರೂ ಇದ್ದದ್ದು ಅದೇ ಊರಲ್ಲಿ, ಅದೇ ದಿನಗಳಲ್ಲಿ. ಕಂಡ ದೃಶ್ಯಕ್ಕೆ ನಿಷ್ಠರಾಗಿರಬೇಕು ಎನ್ನುವವರು ಇವರಲ್ಲಿ ಯಾರನ್ನು ನಿಷ್ಠೆ ತಪ್ಪಿದವರು ಎನ್ನುತ್ತಾರೆ?

ಇನ್ನೂ ಹಿಂದಕ್ಕೆ ಹೋದರೆ ಈ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. 1873ರ ಡಿಸೆಂಬರಿನಲ್ಲಿ ಎಡ್ವರ್ಡ್ ಲಿಯರ್ ಕಾಶಿಗೆ ಬಂದ. ನಮ್ಮಲ್ಲಿ ಅವನನ್ನು ಲಿಮರಿಕ್ಕುಗಳ ಕವಿಯೆಂದು ಬಲ್ಲವರೇ ಹೆಚ್ಚು. ಅವನ ಹೊಟ್ಟೆಪಾಡು ಚಿತ್ರಕಲೆ. ವೈಸರಾಯ್ ನಾರ್ತ್‌ಬ್ರೂಕ್ ಕರೆಸಿಕೊಂಡದ್ದರಿಂದ ಅರವತ್ತೊಂದರ ವಯಸ್ಸಿನಲ್ಲಿ, ಕಾಯಿಲೆಯ ಮೈಯಲ್ಲಿ, ಈ ದೇಶವನ್ನು ಉದ್ದಗಲ ಸುತ್ತಿ ಸಾವಿರಕ್ಕೂ ಹೆಚ್ಚು ಚಿತ್ರ ಬರೆದ. ಕಾಶಿಗೆ ಬರುವ ಮುನ್ನ ಅವನ ತಲೆಯಲ್ಲಿದ್ದದ್ದು ಹಿಂದಿನ ಚಿತ್ರಕಾರ ಡೇನಿಯಲ್ಲರು ಬರೆದ ಕಾಶಿ: ಮಾಸಲು ಬೂದು, ಗಂಭೀರ, ದುಃಖದ ಊರು. ಬಂದು ನೋಡಿದರೆ ಗದ್ದಲ, ಹೊಳಪು, ಓಡಾಟ. ತಾನು ಎಣಿಸಿದ್ದಕ್ಕೂ ಕಂಡದ್ದಕ್ಕೂ ಸಂಬಂಧವೇ ಇಲ್ಲ ಎಂದು ಅವನು ದಿನಚರಿಯಲ್ಲಿ ಬೆರಗಿನಿಂದ ಬರೆದುಕೊಂಡಿದ್ದಾನೆ. ದೊಡ್ಡ ದೋಣಿಯೊಂದನ್ನು ಬಾಡಿಗೆಗೆ ಹಿಡಿದು, ನದಿಯ ಮೇಲಿಂದಲೇ ಈ ಊರಿನ ವೈಭವ ಕಾಣಬೇಕು ಎಂದು ತೀರ್ಮಾನಿಸಿದ.

ಎಂಬತ್ತೇಳು ವರ್ಷಗಳ ನಂತರ ರಾಮ್ ಕುಮಾರ್ ಬಂದದ್ದೂ ಚಳಿಗಾಲದಲ್ಲೇ. ರಾತ್ರಿ ಬಹಳ ಹೊತ್ತಾದ ಮೇಲೆ ಊರಿಗೆ ಬಂದಿಳಿದದ್ದನ್ನು ಅವರು ಎಷ್ಟೋ ವರ್ಷದ ನಂತರ ನೆನೆದು ಬರೆದಿದ್ದಾರೆ. ಮಂಕು ದೀಪದ ಖಾಲಿ ಗಲ್ಲಿಗಳು, ನಾಯಿಗಳ ಊಳು ಬಿಟ್ಟರೆ ಸದ್ದಿಲ್ಲ, ಸಾಯುತ್ತಿರುವವರೂ ಸತ್ತವರೂ ಮಾತ್ರ ಇಲ್ಲಿ ವಾಸವಿದ್ದಾರೇನೋ ಎನಿಸಿತಂತೆ. ಆಮೇಲೆ ಮಣಿಕರ್ಣಿಕೆಯ ಮೆಟ್ಟಿಲ ಮೇಲೆ ಕೂತು, ದೂರದ ಹಳ್ಳಿಗಳಿಂದ ದೋಣಿಯಲ್ಲಿ ಬಂದು ಸರದಿ ಕಾಯುವ ಹೆಣಗಳನ್ನು ನೋಡಿದರು. ಊರು ಒಂದೇ, ಹೊಳೆ ಒಂದೇ, ಋತುವೂ ಒಂದೇ. ಒಬ್ಬನಿಗೆ ಅದು ಕಣ್ಣು ಕುಕ್ಕುವ ಜಾತ್ರೆ, ಇನ್ನೊಬ್ಬರಿಗೆ ಪ್ರೇತಗಳ ಊರು. ಇಬ್ಬರೂ ಕಣ್ಣಾರೆ ಕಂಡವರು. ಹಾಗಾದರೆ ಸ್ಥಳ ತಾನಾಗಿ ಯಾವ ಸತ್ಯಕ್ಕೂ ಸಾಕ್ಷಿ ಹೇಳುವುದಿಲ್ಲ. ಬಂದವನು ಜೊತೆಗೆ ಏನು ಹೊತ್ತು ತಂದ, ಹೋಗುವಾಗ ಏನು ಕೊಂಡುಹೋದ ಎಂಬುದರ ನಡುವೆ ಚಿತ್ರ ಹುಟ್ಟುತ್ತದೆ.

ಲಿಯರನ ಕೆಲಸದ ರೀತಿಯಲ್ಲೇ ಈ ತಿಳಿವಳಿಕೆ ಇತ್ತು. ಸ್ಥಳದಲ್ಲಿ ಅವನು ಮಾಡುತ್ತಿದ್ದದ್ದು ಬೇಗಬೇಗನೆ ಎಳೆದ ಪೆನ್ಸಿಲ್ ಗೆರೆಗಳನ್ನು ಮಾತ್ರ. ಬಣ್ಣವಿಲ್ಲ. ಬಣ್ಣ ಇರಬೇಕಾದ ಕಡೆ ಬರವಣಿಗೆ. ಇಲ್ಲಿ ಇಂಥ ಕಂದು, ಅಲ್ಲಿ ಇಂಥ ಹಸಿರು, ಇದು ನೆರಳು, ಅದು ಮರಳು. ಅವಸರದ ಅಕ್ಷರಗಳು, ಬೇಕೆಂದೇ ತಪ್ಪಿದ ಕಾಗುಣಿತ. ‘ರಾಕ್ಸ್’ (ಬಂಡೆಗಳು) ಎಂಬ ಇಂಗ್ಲಿಷ್ ಪದವನ್ನು ಮೂರೇ ಅಕ್ಷರಕ್ಕೆ ಇಳಿಸಿಬಿಡುತ್ತಿದ್ದ. ಮೂಲೆಯಲ್ಲಿ ಊರು, ದಿನ, ಎಷ್ಟೋ ಸಲ ಗಂಟೆ. ಆ ಪೆನ್ಸಿಲ್ ಗೆರೆಗಳ ಮೇಲೆ ಶಾಯಿ ತಿದ್ದಿ ತೆಳುವಾದ ಬಣ್ಣ ಹಚ್ಚುತ್ತಿದ್ದದ್ದು ಆಮೇಲೆ, ಬಿಡಾರದಲ್ಲೋ ಎಷ್ಟೋ ತಿಂಗಳು ಕಳೆದು ಮನೆಯಲ್ಲೋ. ಇವತ್ತಿನ ಪ್ರಣಾಳಿಕೆಯ ಪ್ರಕಾರ ಈ ಹಾಳೆಗಳು ಫೇಲಾಗುತ್ತವೆ. ಆದರೆ ಒಂದು ಕ್ಷಣ ಆ ಹಾಳೆಯನ್ನು ಸರಿಯಾಗಿ ನೋಡಿ. ಬಣ್ಣದ ಜಾಗದಲ್ಲಿ ಬಣ್ಣದ ಹೆಸರು ಕೂತಿದೆ. ಮುಂದೆಂದೋ ನೆನಪು ಮಾಡಿಕೊಳ್ಳಬೇಕಾದವನಿಗೆ ಅವನು ಅಲ್ಲಿಂದಲೇ ಕಾಗದ ಬರೆಯುತ್ತಿದ್ದಾನೆ. ತಿಂಗಳುಗಳ ನಂತರ ಆ ಮಾತನ್ನು ಓದಿ ಬಣ್ಣ ಕಲಸುವವನ ಕೈಗೆ ಕಾಶಿಯ ಕಂದು ಸಿಗುವುದಿಲ್ಲ, ಆ ಕಂದನ್ನು ಕಂಡ ದಿನ ಸಿಗುತ್ತದೆ. ಲಿಯರನ ಜಲವರ್ಣಗಳಲ್ಲಿರುವ ತೇಲುವ ಗುಣ, ಎಲ್ಲವೂ ತುಸು ದೂರ ಸರಿದು ನಿಂತಂತಹ ಭಾವ, ಅವನ ಕುಂಚದ ಚಮತ್ಕಾರದಿಂದ ಬಂದದ್ದೆಂದು ನಾನು ನಂಬುವುದಿಲ್ಲ. ಆ ನಡುವಿನ ತಿಂಗಳುಗಳಿಂದ ಬಂದದ್ದು.

ಜೇಮ್ಸ್ ಪ್ರಿನ್ಸೆಪ್‌ನ ಕಥೆ ಇದಕ್ಕೆ ತಿರುಗುಮುರುಗು. ಮಸ್ಕಿಯ ಶಾಸನದ ಕಾರಣಕ್ಕೆ ನಮಗೆ ಹತ್ತಿರವಾದ ಅಶೋಕನ ಬ್ರಾಹ್ಮಿಯನ್ನು 1837ರಲ್ಲಿ ಓದಿದವನು ಇವನೇ. 1820ರಿಂದ ಹತ್ತು ವರ್ಷ ಕಾಶಿಯ ಟಂಕಸಾಲೆಯಲ್ಲಿದ್ದ. ಊರಿನ ನಕ್ಷೆ ಮಾಡಿದ, ಜನರನ್ನು ಎಣಿಸಿದ, ಚರಂಡಿ ಕಟ್ಟಿಸಿದ. 1830ರ ನಂತರ ಕಂತುಗಳಲ್ಲಿ ಹೊರಬಂದ ಅವನ ಕಾಶಿ ಚಿತ್ರಗಳನ್ನು ಈಗಲೂ ಪ್ರವಾಸಿಗಳಿಗೆ ಮಾರುತ್ತಾರೆ. ಊರಲ್ಲೇ ಬಾಳಿ ಬರೆದವನು, ಮೆಟ್ಟಿಲು ಮೆಟ್ಟಿಲನ್ನೂ ಬಲ್ಲವನು. ಠಠೇರಿ ಬಜಾರಿನ ಹಿತ್ತಾಳೆ ಪಾತ್ರೆಗಳಿವೆ, ಗ್ರಹಣಸ್ನಾನದ ಗುಂಪಿದೆ. ಒಂದು ಗವಾಕ್ಷ ತಪ್ಪಿಲ್ಲ. ನೋಡಿ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಸರ್ವೆಯವನ ತೃಪ್ತಿ. ಇತಿಹಾಸಕಾರರಿಗೆ ಅದು ನಿಧಿ. ಅವರ ಕೈಯಿಂದ ನಾನು ಅದನ್ನು ಕಸಿಯುವುದಿಲ್ಲ.

ಈಗ ರಾಮ್ ಕುಮಾರರ ಕಾಶಿಯ ಕಿಟಕಿಗೆ ಬರೋಣ. ಈ ಲೇಖನವನ್ನು ನಾನು ಬರೆಯುತ್ತಿರುವುದೇ ಆ ಕಿಟಕಿಗೋಸ್ಕರ.

ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತದೆ. ಎಂಬತ್ತಕ್ಕೂ ಹೆಚ್ಚು ಘಾಟುಗಳು ಪಶ್ಚಿಮದ ದಡದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿವೆ. ಎದುರು ದಡ ಬರೀ ಮರಳು. ಹಾಗಾಗಿ ಬೆಳಗಿನ ಬಿಸಿಲು ಯಾವ ಅಡ್ಡಿಯೂ ಇಲ್ಲದೆ ನೇರ ಬಂದು ಗೋಡೆಗಳಿಗೆ ಬಡಿಯುತ್ತದೆ. ಗೋಡೆ ಬೆಳಗಿದಷ್ಟೂ ಅದರೊಳಗಿನ ತೂತುಗಳು ಕಪ್ಪಾಗುತ್ತವೆ. ಹನುಮಾನ್ ಘಾಟಿನಲ್ಲಿ, ನಮ್ಮ ಕರ್ನಾಟಕದ ಛತ್ರವಿರುವ ಕಡೆ, ನಾನು ಮೂರು ಬೆಳಿಗ್ಗೆ ದೋಣಿಯಲ್ಲಿ ಕೂತು ಇದನ್ನೇ ನೋಡಿದೆ. ಒಳಗೆ ದೀಪವಿರಬಹುದು, ಯಾರೋ ಹಲ್ಲುಜ್ಜುತ್ತಿರಬಹುದು, ಮಗು ಅಳುತ್ತಿರಬಹುದು. ಹೊಳೆಯಿಂದ ನೋಡುವವನಿಗೆ ಅದು ಒಂದು ಕರಿ ಚೌಕ. ಸ್ಥಳದಲ್ಲಿ ಕೂತು ಬರೆಯುವವರು ಈ ಚೌಕವನ್ನು ಹಾಗೇ ಬಿಡಲಾರರು. ಅದಕ್ಕೊಂದು ಚೌಕಟ್ಟು ಬೇಕು, ಕಂಬಿ ಬೇಕು, ಕೆಳಗೆ ಒಣಹಾಕಿದ ಸೀರೆ ಬೇಕು. ಕಣ್ಣೆದುರಿಗೆ ಅವೆಲ್ಲ ಇರುವಾಗ ಬಿಡುವುದಾದರೂ ಹೇಗೆ?

ರಾಮ್ ಕುಮಾರರ ಇಂಕಿನ ಹಾಳೆಗಳಲ್ಲಿ ಕಿಟಕಿಗೆ ಚೌಕಟ್ಟಿಲ್ಲ. ಅದು ಕಲೆ, ಮಚ್ಚೆ, ಕೆಲವೊಮ್ಮೆ ಗೋಡೆಯ ಗೆರೆಯನ್ನೂ ಮೀರಿ ಹರಡಿದ ಕಪ್ಪು. ಮನೆಗಳು ಒಂದರ ಹೆಗಲ ಮೇಲೊಂದು ಏರಿ ಕೂತಿವೆ. ಮೆಟ್ಟಿಲುಗಳಿಗೆ ಎಣಿಕೆಯಿಲ್ಲ, ಆಕಾಶಕ್ಕೆ ಜಾಗವಿಲ್ಲ. ದೋಣಿ ಇದ್ದರೆ ಅದೊಂದು ಕರಿ ಗೀರು. ಇದೇ ಕಿಟಕಿ ಕ್ಯಾನ್ವಾಸಿಗೆ ಹೋದಾಗ ಪ್ಯಾಲೆಟ್ ನೈಫಿನ ದಪ್ಪ ಬಣ್ಣದ ನಡುವೆ ಒಂದು ಕಂದು ಗುಳಿಯಾಗಿ, ಇತರ ಗುಳಿಗಳ ಜೊತೆ ಹೊಂದಿಕೊಂಡುಬಿಡುತ್ತದೆ. ಕಾಗದದ ಮೇಲೆ ಅದು ಹೊಂದಿಕೊಳ್ಳುವುದಿಲ್ಲ. ಅದು ನೋಡುತ್ತದೆ.

ಈ ಕಲಾವಿದ ಕಾಶಿಗೆ ಬರುವ ಮೊದಲು ಹತ್ತು ವರ್ಷ ಬರೆದದ್ದು ಮನುಷ್ಯರನ್ನೇ ಎಂಬುದನ್ನು ನಮ್ಮ ವಿಮರ್ಶೆ ಮರೆತೇಬಿಡುತ್ತದೆ. ಕೆಲಸವಿಲ್ಲದವರು, ಗುಮಾಸ್ತರು, ಬೀದಿಯಲ್ಲಿ ದಿಕ್ಕು ತೋಚದೆ ನಿಂತವರು. ಅವರ ಕಣ್ಣುಗಳು ದೊಡ್ಡವು, ಆಳದವು, ಖಾಲಿ. ಅವರ ಹಿಂದೆ ನಗರದ ಮನೆಗಳು, ಆ ಮನೆಗಳಿಗೆ ಕಿಟಕಿಗಳು. ಕಾಶಿಗೆ ಬಂದ ಮೇಲೆ ಮುಂದೆ ನಿಂತಿದ್ದ ಮನುಷ್ಯ ಸರಿದುಹೋದ, ಹಿಂದಿದ್ದ ಮನೆ ಮುಂದಕ್ಕೆ ಬಂತು. ಆದರೆ ಆ ಕಣ್ಣುಗಳು ಎಲ್ಲಿಗೆ ಹೋದವು? ಘಾಟುಗಳ ಜನಸಾಗರದಲ್ಲಿ ತಾವು ಕಂಡ ನೋವಿನ ಮುಖಗಳನ್ನು ಅವರು ನೆನೆಯುವಾಗ, ಅವು ಪಾಳುಬಿದ್ದ ಹಳೆಯ ಮನೆಗಳ ಬಾಗಿಲು ಕಿಟಕಿಗಳ ಹಾಗೆಯೇ ಇದ್ದವು ಎಂಬರ್ಥದ ಮಾತು ಹೇಳಿದ್ದಾರೆ. ಹೋಲಿಕೆಯನ್ನು ಅವರೇ ಕೊಟ್ಟಿದ್ದಾರೆ. ಅದನ್ನು ಅಕ್ಷರಶಃ ತೆಗೆದುಕೊಳ್ಳಿ. ಜನರನ್ನು ಅವರು ಅಳಿಸಲಿಲ್ಲ, ಗೋಡೆಯೊಳಗೆ ಇಟ್ಟರು. ಒಂದೊಂದು ಕರಿ ಮಚ್ಚೆಯೂ ಒಂದು ಮುಖ. ‘ಜನರಿಲ್ಲದ ಕಾಶಿ’ ಎಂಬ ಮಾತು ಅರ್ಧ ಮಾತ್ರ ನಿಜ ಎಂದದ್ದು ಇದಕ್ಕೆ.

ಪ್ಯಾರಿಸ್ಸಿನಲ್ಲಿ ಚಿತ್ರಕಾರ ಆಂದ್ರೆ ಲೋತ್ ಬಳಿ ಕಲಿತದ್ದರಿಂದ ಈ ಕಟ್ಟಡಗಳ ಗಡ್ಡೆರೂಪ ಬಂತು, ಇದು ಕ್ಯೂಬಿಸಂನ ವ್ಯಾಕರಣ ಎಂದು ವಾದಿಸುವವರಿದ್ದಾರೆ. ಒಪ್ಪುತ್ತೇನೆ. ಲೋತ್ ಅವರಿಗೆ ಗೋಡೆ ಕಟ್ಟುವುದನ್ನು ಕಲಿಸಿದ. ಗೋಡೆಯಲ್ಲಿ ಯಾರನ್ನು ಇಡಬೇಕೆಂದು ಕಲಿಸಲಿಲ್ಲ.

ನನ್ನ ಜಗಳ ಇರುವುದು ಅಧ್ಯಾತ್ಮದವರ ಜೊತೆ. ಕಾಶಿ ಎಂದ ಕೂಡಲೇ ಮೋಕ್ಷ, ಮೋಕ್ಷ ಎಂದ ಕೂಡಲೇ ಶಾಂತರಸ, ಶಾಂತರಸ ಎಂದ ಕೂಡಲೇ ಬಿಳಿ ಬೂದು ಕಂದು. ಈ ಸರಪಳಿಗೆ ಚಿತ್ರದ ಅಗತ್ಯವೇ ಇಲ್ಲ. ಚಿತ್ರ ನೋಡದೆಯೂ ಬರೆಯಬಹುದು, ಬರೆದಿದ್ದಾರೆ. ಕನ್ನಡದಲ್ಲೂ ಈ ಭಾಷೆ ಬೇರೂರಿದೆ. ವರ್ಷಗಳ ಹಿಂದೆ ಒಂದು ಗೋಷ್ಠಿಯಲ್ಲಿ ನಾನು ಈ ಕಿಟಕಿಗಳ ಮಾತೆತ್ತಿದಾಗ ಹಿರಿಯ ವಿಮರ್ಶಕರೊಬ್ಬರು, ಅಮೂರ್ತದಲ್ಲಿ ಮುಖ ಹುಡುಕುವುದು ಮೋಡದಲ್ಲಿ ಆನೆ ಹುಡುಕಿದಂತೆ ಎಂದರು. ಅವರ ಮೇಲಿನ ಗೌರವ ಕಡಿಮೆಯಾಗಿಲ್ಲ, ಆದರೆ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಮೋಡ ಆನೆಯನ್ನು ಕಂಡಿರುವುದಿಲ್ಲ. ಈ ಕೈ ಹತ್ತು ವರ್ಷ ಮುಖ ಬರೆದ ಕೈ. ಅಷ್ಟೇ ಅಲ್ಲ, ಇದು ಕಥೆಗಾರನ ಕೈ. ಹಿಂದಿಯ ದೊಡ್ಡ ಕಾದಂಬರಿಕಾರ ನಿರ್ಮಲ್ ವರ್ಮಾ ಇವರ ತಮ್ಮ ಎಂಬುದನ್ನು ಎಲ್ಲರೂ ಹೇಳುತ್ತಾರೆ. ರಾಮ್ ಕುಮಾರ್ ತಾವೇ ಹಿಂದಿಯಲ್ಲಿ ಕಥೆ ಕಾದಂಬರಿ ಬರೆದವರು ಎಂಬುದನ್ನು ಪರಿಚಯದ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅವರ ಪ್ರವಾಸ ಪುಸ್ತಕವೊಂದರ ಹೆಸರು ‘ಯೂರೋಪ್ ಕೆ ಸ್ಕೆಚ್’. ಹೆಸರಲ್ಲಿ ಸ್ಕೆಚ್ ಇದೆ, ಒಳಗಿರುವುದು ಗದ್ಯ. ಸ್ಕೆಚ್ ಎಂದರೆ ಅವರಿಗೆ ಪೆನ್ಸಿಲಿನ ಕೆಲಸ ಮಾತ್ರವಾಗಿರಲಿಲ್ಲ, ಕಂಡವರನ್ನು ನೆನಪಿನಲ್ಲಿ ಹೊತ್ತು ತಂದು ಆಮೇಲೆ ಇಳಿಸುವ ಕ್ರಮವಾಗಿತ್ತು. ಅಂಥವರು ಕಾಶಿಯ ವಿಧವೆಯರನ್ನು, ಸಾವಿಗೆ ಕಾದವರನ್ನು ಕಂಡು, ಅವರನ್ನೆಲ್ಲ ದಾಟಿ ಬಿಳಿಯ ಶಾಂತಿಗೆ ಏರಿದರು ಎಂದು ಬರೆಯುವುದು ಕಥೆಗಾರನಿಗೆ ಮಾಡುವ ಅನ್ಯಾಯ. ಆ ಹಾಳೆಗಳಲ್ಲಿ ಶಾಂತಿ ಇಲ್ಲ. ದುಃಖವಿದೆ. ದುಃಖವನ್ನು ಶಾಂತಿಯೆಂದು ಕರೆದರೆ ಗೋಡೆಗೆ ತೂಗುಹಾಕಲು ಸುಲಭವಾಗುತ್ತದೆ, ಮಾರಲೂ ಸುಲಭವಾಗುತ್ತದೆ.

ನನ್ನ ಮೆಚ್ಚುಗೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಎಪ್ಪತ್ತರ ದಶಕದಿಂದಾಚೆಗೆ ಅವರ ಭೂದೃಶ್ಯಗಳಲ್ಲಿ ಬಣ್ಣದ ಹಲಗೆಗಳು ಹಾರಾಡತೊಡಗಿದವು. ಆಕಾಶ ಬಂತು, ಗಾಳಿ ಬಂತು, ಕಿಟಕಿ ಹೋಯಿತು. ಅವು ಚೆಲುವಾದ ಚಿತ್ರಗಳು. ಅವುಗಳ ಮುಂದೆ ನಾನು ಬಹಳ ಹೊತ್ತು ನಿಲ್ಲಲಾರೆ. ಅವರು ಕಾಶಿಗೆ ಮತ್ತೆ ಮತ್ತೆ ಮರಳಿದರು, ‘ವಾರಾಣಸಿ’ ಎಂಬ ಶೀರ್ಷಿಕೆ ಕೊನೆಯವರೆಗೂ ಬಂತು. ಆದರೆ ಕೊನೆಕೊನೆಗೆ ಆ ಹೆಸರಿನಡಿ ಇರುವುದು ಊರಿನ ನೆನಪಲ್ಲ, ತಮ್ಮದೇ ಹಳೆಯ ಚಿತ್ರಗಳ ನೆನಪು. ನೆನಪಿನಿಂದ ಬರೆಯುವವರಿಗೆ ಇರುವ ಅಪಾಯ ಇದು: ಊರಿಗೆ ಹೋಗಿ ಕೂರುವುದನ್ನು ಬಿಟ್ಟಾಗ ನೆನಪು ತನ್ನನ್ನೇ ತಿನ್ನತೊಡಗುತ್ತದೆ. ಇಲ್ಲಿ ಸ್ಕೆಚ್ ಗುಂಪಿನ ಗೆಳೆಯರ ಮಾತಿನಲ್ಲಿ ಹುರುಳಿದೆ. ಮೊದಲು ಹೋಗಿ ಕೂರಲೇಬೇಕು. 1960ರಲ್ಲಿ ಕೂತದ್ದರಿಂದಲೇ 1962ರಲ್ಲಿ ಬಿಡಲು ಏನಾದರೂ ಇತ್ತು.

ಸ್ಥಳವೇ ಸತ್ಯ ಎನ್ನುವವರು ಇನ್ನೊಂದನ್ನೂ ಎದುರಿಸಬೇಕಾಗಿದೆ. ಪ್ರಿನ್ಸೆಪ್ ಬರೆದ ಔರಂಗಜೇಬನ ಮಸೀದಿಯ ಜೋಡಿ ಮೀನಾರುಗಳು ಹಳೆಯ ಕಾಶಿ ಚಿತ್ರಗಳಿಗೆಲ್ಲ ನೆಟ್ಟ ಕಂಬಗಳಂತಿದ್ದವು. 1948ರಲ್ಲಿ ಒಂದು ಕುಸಿಯಿತು, ಇನ್ನೊಂದನ್ನು ಆಮೇಲೆ ಇಳಿಸಿದರು. ರಾಮ್ ಕುಮಾರ್ ಬಂದಾಗ ಆ ಜೋಡಿ ಇರಲಿಲ್ಲ. ಅವರ ಕಾಶಿ ಮೇಲಕ್ಕೆ ಚಾಚದೆ ಅಡ್ಡಕ್ಕೆ ಒತ್ತಿಕೊಂಡು ಕೂತಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಊಹೆ. ಈಗ ಅವರು ಅಲೆದ ಗಲ್ಲಿಗಳಲ್ಲೂ ಕೆಲವಿಲ್ಲ. 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ವಿಶ್ವನಾಥ ಕಾರಿಡಾರಿಗಾಗಿ ಗುಡಿಗೂ ಗಂಗೆಗೂ ನಡುವಿನ ಮುನ್ನೂರರಷ್ಟು ಕಟ್ಟಡಗಳನ್ನು ಕೊಂಡು ಕೆಡವಿದರು. ಮಣಿಕರ್ಣಿಕೆಯ ಪಕ್ಕದಲ್ಲಿ, ಒಬ್ಬರ ಭುಜಕ್ಕೆ ಇನ್ನೊಬ್ಬರದ್ದು ತಾಗದೆ ನಡೆಯಲಾಗದಿದ್ದ ಕಡೆ ಈಗ ಅಗಲವಾದ ಕಲ್ಲಿನ ಹಾಸು. ಅಲ್ಲಿ ಇವತ್ತು ಕೂತು ಕಂಡದ್ದನ್ನೇ ಬರೆದರೆ ಆ ಹಾಸನ್ನೇ ಬರೆಯಬೇಕು. ಬರೆಯಲಿ, ಅದೂ ಬೇಕು. ಆ ಮನೆಗಳ ಕಿಟಕಿಗಳು ಮಾತ್ರ ಇನ್ನು ಯಾವ ಸ್ಥಳದಲ್ಲೂ ಇಲ್ಲ.

ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಆ ಗ್ಯಾಲರಿಯವರಲ್ಲಿ ನನ್ನದೊಂದು ಬೇಡಿಕೆ: ರಾಮ್ ಕುಮಾರರ ಅರವತ್ತರ ದಶಕದ ಕಾಗದದ ಕಾಶಿಯನ್ನು, ಕ್ಯಾನ್ವಾಸುಗಳ ಪಕ್ಕವಾದ್ಯವಾಗಿ ಅಲ್ಲದೆ, ತಾನಾಗಿಯೇ ಒಂದು ಕೋಣೆಯಲ್ಲಿ ತೂಗುಹಾಕಿ. ಎಲ್ಲಿಂದ ತರಬಹುದೋ ಅಲ್ಲಿಂದ ತನ್ನಿ. ಕಣ್ಣಿನ ಮಟ್ಟಕ್ಕೆ ತೂಗುಹಾಕಿ, ಪಕ್ಕದಲ್ಲಿ ಮೋಕ್ಷದ ಮಾತಿನ ಫಲಕ ಹಾಕಬೇಡಿ, ಅವರ ಒಂದು ಕಥೆಯನ್ನು ಕನ್ನಡಕ್ಕೆ ತಂದು ಇಡಿ. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಸ್ಕೆಚ್ ಮಾಡುವ ಗೆಳೆಯರು ಅಲ್ಲಿಂದ ನಡೆದೇ ಬರಬಹುದು.